ಬೆಂಕಿ ಆರಿಸುವ ಗಾಡಿಗೆ ನೀರೆಲ್ಲಿ?



ಸುಗ್ಗಿ ಮುಗಿಯಿತು. ಹುಲ್ಲೆಲ್ಲ ಬಣವೆಗೆ ಏರಿದೆ. ಇನ್ನು ಬಿಸಿಲು ಕಾಯುವ ಕಾಲ. ಒಂದು ಬಣವೆ ಸುಟ್ಟರೆ ಮುಂಗಾರಿನ ಹಸಿರು ಕಾಣುವ ತನಕ ದನಗಳ ಮುಂದೆ ಏನು ಹಾಕುವುದು? ‘ಫೈರ್ ಇಂಜಿನ್ ಬರುತ್ತದಲ್ಲ ಸ್ವಾಮಿ’ ಅಂತೀರಿ. ಹೌದು, 101 ಅಥವಾ 112ಕ್ಕೆ ಫೋನ್ ಮಾಡಿದರೆ ಬರುತ್ತದೆ. ಬಂದ ಗಾಡಿಯ ನೀರು ಎಷ್ಟು ಹೊತ್ತು ಸಾಕಾದೀತು, ಲೆಕ್ಕ ಹಾಕೋಣ.

ಈ ಗಾಡಿಗಳಲ್ಲಿ ಹಲವು ಬಗೆ. ಎಣ್ಣೆ, ಪೆಟ್ರೋಲಿನ ಬೆಂಕಿಗೆ ನೊರೆ ಚೆಲ್ಲುವ ಗಾಡಿಯೇ ಬೇರೆ. ಹಳ್ಳಿಯ ಬೆಂಕಿಗೆ ಸಾಮಾನ್ಯವಾಗಿ ಬರುವುದು ವಾಟರ್ ಟೆಂಡರ್. ಅದರಲ್ಲಿ ‘ಬಿ’ ಮಾದರಿಯ ಗಾಡಿ ಹೊರುವುದು 4,500 ಲೀಟರ್ ನೀರು. ನಿಮಿಷಕ್ಕೆ 1,800 ಲೀಟರ್ ಎಸೆಯುವ ಪಂಪನ್ನು ಪೂರ್ತಿ ಬಿಟ್ಟರೆ ಎರಡೂವರೆ ನಿಮಿಷಕ್ಕೆ ಟ್ಯಾಂಕು ಬರಿದು! ಒಂದೇ ಕೊಳವೆಯಲ್ಲಿ ನಿಮಿಷಕ್ಕೆ 450 ಲೀಟರಿನಂತೆ ಹಿಡಿದು ಬಿಟ್ಟರೂ ಹತ್ತೇ ನಿಮಿಷ. ಬಣವೆಯ ಬೆಂಕಿಯೋ, ಮೇಲೆ ಆರಿದಂತೆ ಕಂಡು ಒಳಗೊಳಗೇ ಉರಿಯುತ್ತಿರುತ್ತದೆ. ಹುಲ್ಲು ಕೆದಕಿ ಕೆದಕಿ ನೀರು ಕುಡಿಸಬೇಕು. ಅದಕ್ಕೆ ಗಂಟೆಗಟ್ಟಲೆ ಬೇಕು.

ಆದರೆ ಆ ಪಂಪಿಗೆ ಇನ್ನೊಂದು ಗುಣವಿದೆ. ಕೆರೆ, ಕಟ್ಟೆ, ತೆರೆದ ಬಾವಿಯ ನೀರನ್ನು ಅದು ತಾನೇ ಎಳೆದುಕೊಳ್ಳಬಲ್ಲದು. ಎಳೆಯುತ್ತದೆ ಅನ್ನುವುದು ಮಾತಿಗೆ. ನಿಜದಲ್ಲಿ ಕೊಳವೆಯೊಳಗಿನ ಗಾಳಿಯನ್ನು ಮೊದಲು ತೆಗೆಯುತ್ತಾರೆ, ಆಗ ಹೊರಗಿನ ಗಾಳಿಯ ಒತ್ತಡ ನೀರನ್ನು ಮೇಲಕ್ಕೆ ತಳ್ಳುತ್ತದೆ. ಸಮುದ್ರದ ಮಟ್ಟದಲ್ಲಿ ಈ ಒತ್ತಡಕ್ಕೆ ಲೆಕ್ಕದಲ್ಲಿ ಸುಮಾರು 10 ಮೀಟರ್ ತಳ್ಳುವ ಶಕ್ತಿ. ಕೆಲಸಕ್ಕೆ ಸಿಗುವುದು 7 ಮೀಟರ್. ಬೆಂಗಳೂರು, ಮೈಸೂರು ಸೀಮೆಯ ಎತ್ತರದಲ್ಲಿ ಇನ್ನೂ ಕಡಿಮೆ. ಇಪ್ಪತ್ತು ಅಡಿ ಎಂದು ಇಟ್ಟುಕೊಳ್ಳಿ. ಇದು ನಿಮಗೆ ಹೊಸದೇನಲ್ಲ. ಬಾವಿಯ ನೀರು ಇಳಿದಾಗ ಪಂಪನ್ನೂ ಕೆಳಗಿನ ಮೆಟ್ಟಿಲಿಗೆ ಇಳಿಸಿದವರು ನೀವೇ. ಫೈರ್ ಇಂಜಿನ್ನನ್ನು ಬಾವಿಗೆ ಇಳಿಸಲಾದೀತೇ?

ಕೊಳವೆಬಾವಿಗೂ ಆ ಗಾಡಿಯ ಕೊಳವೆ ಇಳಿಯದು. ನಿಮ್ಮ ಮೋಟಾರು ನಿಮಿಷಕ್ಕೆ 150 ಲೀಟರ್ ಕೊಟ್ಟರೆ ಟ್ಯಾಂಕು ತುಂಬಲು ಅರ್ಧ ಗಂಟೆ, ಅದೂ ಕರೆಂಟು ಇದ್ದರೆ. ಆದ್ದರಿಂದ ನನ್ನ ಕಣ್ಣು ಕೃಷಿ ಹೊಂಡದ ಮೇಲೆ. ಮೇಲೆ 12 ಮೀಟರ್ ಚೌಕ, ತಳದಲ್ಲಿ 6 ಮೀಟರ್ ಚೌಕ, 3 ಮೀಟರ್ ಆಳದ ಹೊಂಡ ತುಂಬಿದ್ದರೆ ಸುಮಾರು ಎರಡೂವರೆ ಲಕ್ಷ ಲೀಟರ್, ಅಂದರೆ ಐವತ್ತಕ್ಕೂ ಹೆಚ್ಚು ಗಾಡಿ ನೀರು. ಬೇಸಿಗೆಯಲ್ಲಿ ಅರ್ಧ ಇಳಿದಿದ್ದರೂ ಉಪಯೋಗಕ್ಕೆ ಬರುತ್ತದೆ.

ಗಾಡಿ ಅಲ್ಲಿಗೆ ಹೋಗಬೇಕಷ್ಟೆ. ನೀರಿನ ಭಾರವೇ ನಾಲ್ಕೂವರೆ ಟನ್ನು, ಅದರ ಮೇಲೆ ಗಾಡಿಯ ಭಾರ. ಹೊಂಡದ ಮೆತ್ತನೆ ಏರಿಯ ಮೇಲೆ ನಿಲ್ಲಿಸಿದರೆ ಜಾರೀತು. ಸ್ವಲ್ಪ ದೂರದಲ್ಲಿ ಜಲ್ಲಿ, ಮೊರಂ ಹಾಕಿ ಗಟ್ಟಿ ಜಾಗ ಮಾಡಿ. ದಾರಿಗೆ ಅಡ್ಡ ಬೇಲಿ ಇದ್ದರೆ ಬಿಚ್ಚಿ ತೆಗೆಯುವಂತಿರಲಿ. ನೀರೆಳೆಯುವ ಕೊಳವೆಯ ಬಾಯಿಗೆ ಜರಡಿ ಇರುತ್ತದೆ. ಆದರೂ ಹೊಂಡದಲ್ಲಿ ಪಾಚಿ, ತರಗೆಲೆ ತುಂಬಿದ್ದರೆ ಜರಡಿ ಕಟ್ಟಿಕೊಂಡು ಪಂಪು ಬರೀ ಗದ್ದಲ ಮಾಡುತ್ತದೆ. ಜರಡಿ ಕೆಸರಿಗೆ ಹೂತುಹೋಗದಂತೆ ಕೆಳಗೊಂದು ಮಂಕರಿ ಇಟ್ಟರೂ ಆದೀತು. ಹೊಂಡಕ್ಕೆ ಹಾಸಿದ ಪ್ಲಾಸ್ಟಿಕ್ ಹಾಳೆಯೂ ಉಳಿಯುತ್ತದೆ.

ಬಣವೆಯ ಮೇಲೆ ವಿದ್ಯುತ್ ತಂತಿ ಹಾದಿದ್ದರೆ, ಲೈನು ಕಡಿದಿದ್ದಾರೆಂದು ಖಾತ್ರಿಯಾಗದೆ ಯಾರೂ ನೀರು ಎರಚಬೇಡಿ. ಫೋನ್ ಮಾಡುವಾಗ ಊರಿನ ಹೆಸರಿನ ಜೊತೆಗೆ, ಗಾಡಿ ಹೋಗುವಂಥ ನೀರು ಎಲ್ಲಿದೆ ಎಂಬುದನ್ನೂ ಹೇಳಿ. ದಾರಿ ತೋರಿಸಲು ಒಬ್ಬನನ್ನು ಟಾರು ರಸ್ತೆಗೆ ಓಡಿಸಿ.