‘ಕೋಡಿ’ ಎಂಬ ಮಾತು
(ವಾಚನಾಲಯದ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮ ವಾಚನಾಲಯದಲ್ಲಿ ಇಂಗ್ಲಿಷ್ ಪತ್ರಿಕೆ ಓದುವವರು ಆಗಾಗ ಕೇಳುವ ಪ್ರಶ್ನೆಯೊಂದಿದೆ: ‘ಸ್ಪಿಲ್‌ಓವರ್’ ಎಂಬುದಕ್ಕೆ ಕನ್ನಡದಲ್ಲಿ ಏನೆನ್ನಬೇಕು? ಒಂದು ಕಡೆ ಮಾಡಿದ ಕೆಲಸದ ಫಲವು, ಮಾಡಿದವರು ಎಣಿಸದೆಯೇ, ಇನ್ನೊಂದು ಕಡೆಗೆ ಹರಿದು ಹೋಗುವುದೆಂದು ಅದರ ಅರ್ಥ. ಕೆಲವರು ‘ಅಡ್ಡ ಪರಿಣಾಮ’ ಎಂದು ಬರೆಯುತ್ತಾರೆ. ಅದು ಔಷಧದ ಸೀಸೆಗೆ ಒಪ್ಪುವ ಮಾತು. ಗುಳಿಗೆ ನುಂಗಿದವನಿಗೆ ತಲೆ ಸುತ್ತಿದರೆ ಅಡ್ಡ ಪರಿಣಾಮ, ಸರಿ. ಪಕ್ಕದ ಖೋಲಿಯವನಿಗೆ ಸುತ್ತಿದರೆ?

ನಮ್ಮ ಹಳ್ಳಿಗಳಲ್ಲಿ ಅದಕ್ಕೆ ಒಪ್ಪುವ ಮಾತು ಹಿಂದಿನಿಂದಲೂ ಉಂಟು, ಕೋಡಿ. ‘ಕಣ್ಣೀರ ಕೋಡಿ’ ಎಂದು ಪತ್ರಿಕೆಯ ಅಂಕಣಗಳಲ್ಲೂ ಅದು ಉಳಿದಿದೆ. ಕೆರೆಯ ನೀರು ಹೊರಗೆ ಹೋಗುವ ದಾರಿ ಎರಡು. ತೂಬು ಎತ್ತಿದಾಗ ಹೋಗುವುದು ನಾವು ಬಿಟ್ಟ ನೀರು; ಯಾರ ಗದ್ದೆಗೆ, ಎಷ್ಟು ಹೊತ್ತು ಎಂಬುದು ನೀರುಗಂಟಿಗೆ ಗೊತ್ತು. ಕೆರೆ ತುಂಬಿದ ಮೇಲೆ ಏರಿಯ ಬದಿಯ ತಗ್ಗಿನಿಂದ ತಾನಾಗಿ ಹೊರಟದ್ದು ಕೋಡಿ. ಹಾಲು ಉಕ್ಕುತ್ತದೆ, ಕೊಡ ತುಳುಕುತ್ತದೆ, ಮಡಕೆ ಸೋರುತ್ತದೆ. ಕೆಳಗಡೆ ಇನ್ನೊಬ್ಬನ ಹೊಲವಿದೆ ಎಂಬ ನೆನಪು ಈ ಮಾತುಗಳಲ್ಲಿಲ್ಲ, ಕೋಡಿಯಲ್ಲಿದೆ. ಏರಿ ಒಡೆಯುವುದು ಕೋಡಿಯಲ್ಲ. ಹೆಚ್ಚು ನೀರು ನಿಲ್ಲಲೆಂದು ಆಸೆಪಟ್ಟು ಕೋಡಿಯ ಬಾಯಿ ಕಟ್ಟಿದರೆ ಏರಿ ಒಡೆಯುತ್ತದೆ. (ಕರಾವಳಿಯ ಗೆಳೆಯರಿಗೆ ಕುಂದಾಪುರದ ಕೋಡಿ ನೆನಪಾದೀತು, ಅದು ಊರಿನ ಹೆಸರು. ಕಬ್ಬಿನ ‘ಕೊಡಿ’ ಹ್ರಸ್ವ, ಚಿಗುರು, ಬೇರೆಯೇ ಮಾತು.)

ಮುಂಬಯಿಯಲ್ಲಿ ಕೆರೆಯ ಮಾತೇಕೆ ಎನ್ನಬೇಡಿ. 1860ರಲ್ಲಿ ಕಟ್ಟಿ ಮುಗಿಸಿದ ವಿಹಾರ ಕೆರೆ, ಅದರ ಕೆಳಗಿನ ಪವಾಯಿ ಕೆರೆ, ಇವೆರಡರ ಕೋಡಿಯೇ ಮೀಠಿ ನದಿ. ಸಾಕಿನಾಕಾ, ಕುರ್ಲಾ, ಧಾರಾವಿಗಳನ್ನು ಹಾದು, ಸುಮಾರು 18 ಕಿಲೋಮೀಟರು ಹರಿದು, ಮಾಹಿಮಿನಲ್ಲಿ ಸಮುದ್ರ ಸೇರುತ್ತದೆ. ಅದರ ಪಾತ್ರವನ್ನು ವಿಮಾನ ನಿಲ್ದಾಣಕ್ಕಾಗಿ ತಿರುಗಿಸಿದರು, ಬಾಂದ್ರಾದ ಕಚೇರಿಗಳಿಗಾಗಿ ಕೆಸರು ನೆಲ ತುಂಬಿದರು, ಗುಡಿಸಲೂ ಗೋದಾಮೂ ದಂಡೆಗೆ ಬಂದುವು. 2005ನೆಯ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರು ಮಳೆ ಬಿತ್ತು. ಮಧ್ಯಾಹ್ನ ಸಮುದ್ರದಲ್ಲಿ ದೊಡ್ಡ ಭರತಿ ಬೇರೆ. ಕುರ್ಲಾ, ಕಲೀನಾಗಳಲ್ಲಿ ನೀರು ಮನೆಯೊಳಗೇ ನಿಂತಿತು. ನಗರದಲ್ಲಿ ನೂರಾರು ಜನ ಸತ್ತರು. ನದಿ ನುಗ್ಗಿತು ಎಂದು ಎಲ್ಲರೂ ಅಂದರು. ಕೋಡಿಯ ಬಾಯಿಯನ್ನು ಕಟ್ಟಿದ್ದೆವು ಎಂದವರು ಕಡಿಮೆ.

ನೀರಿಲ್ಲದ ಕೋಡಿಯೂ ಉಂಟು. 1982ರ ಜನವರಿ 18ರಂದು ದತ್ತಾ ಸಾಮಂತರ ನೇತೃತ್ವದಲ್ಲಿ ಗಿರಣಿ ಮುಷ್ಕರ ಆರಂಭವಾಯಿತು. ಕೆಲಸ ನಿಲ್ಲಿಸಿದವರು ಸುಮಾರು ಎರಡೂವರೆ ಲಕ್ಷ ಗಿರಣಿ ಕಾರ್ಮಿಕರು. ಆದರೆ ಲಾಲಬಾಗ, ಪರಳಗಳಲ್ಲಿ ಅವರಿಗೆ ತಿಂಗಳ ಲೆಕ್ಕದಲ್ಲಿ ಊಟ ಹಾಕುತ್ತಿದ್ದ ಖಾನಾವಳಿಯ ಹೆಂಗಸರು, ಕಿರಾಣಿ ಅಂಗಡಿಯವರು, ಊರಿನಲ್ಲಿ ಮನಿಯಾರ್ಡರಿಗೆ ಕಾದಿದ್ದ ತಾಯಂದಿರು, ಇವರು ಮುಷ್ಕರ ಹೂಡಿದವರಾಗಿರಲಿಲ್ಲ. ಅದೇ ಕಾಲಕ್ಕೆ ಭಿವಂಡಿಯ ವಿದ್ಯುತ್ ಮಗ್ಗಗಳಿಗೆ ಕೆಲಸ ಹೆಚ್ಚಿತು. ಕೋಡಿ ನೀರು ಒಬ್ಬನ ಬೆಳೆ ಕೊಚ್ಚುತ್ತದೆ, ಇನ್ನೊಬ್ಬನ ಬೆಳೆ ಬೆಳೆಸುತ್ತದೆ.

ಆದರೆ ಈ ಮಾತನ್ನು ಎಲ್ಲದಕ್ಕೂ ಅಂಟಿಸಬಾರದೆಂದು ನಮ್ಮ ಅಭಿಪ್ರಾಯ. 1991ರ ಕಟ್ಟಡ ನಿಯಮಗಳು ಗಿರಣಿಯ ಜಾಗವನ್ನು ಮಾರುವುದಕ್ಕೆ ದಾರಿ ಮಾಡಿಕೊಟ್ಟುವು; ಚಿಮಣಿಗಳು ನಿಂತಿದ್ದ ಕಡೆ ಗೋಪುರದಂಥ ಮನೆಗಳೆದ್ದುವು. ಕಾರ್ಮಿಕರು ಚಾಳು ಬಿಟ್ಟು ದೂರದ ಉಪನಗರಗಳಿಗೆ ಹೋದದ್ದನ್ನು ಆಧುನಿಕತೆಯ ಕೋಡಿ ಎಂದು ಯಾರಾದರೂ ಬರೆದರೆ ನಾವು ಒಪ್ಪುವುದಿಲ್ಲ. ಅಲ್ಲಿ ತೂಬು ಎತ್ತಿದ ಕೈಗಳಿದ್ದುವು.

ನಿಮ್ಮ ಸೀಮೆಯಲ್ಲಿ ಇದಕ್ಕೆ ಬೇರೆ ಮಾತಿದ್ದರೆ ಚೀಟಿಯಲ್ಲಿ ಬರೆದು ಪತ್ರಿಕೆಗಳ ಮೇಜಿನ ಮೇಲಿಡಬೇಕಾಗಿ ಪ್ರಾರ್ಥನೆ. ವಿಜಯಪುರದ ಕಡೆಯವರಿಂದ ಇದುವರೆಗೆ ಒಂದೂ ಬಂದಿಲ್ಲ.