ಬಾಗಿಲು ಹಾಕುವವನ ಸ್ವಾತಂತ್ರ್ಯ

(ಹಾಸ್ಟೆಲ್ ವಿದ್ಯಾರ್ಥಿಗಳ ಅಧ್ಯಯನ ಶಿಬಿರದಲ್ಲಿ ಮಾಡಿದ ಭಾಷಣ)



ಅಮೆರಿಕದ ಕ್ರೈಸ್ತರಲ್ಲಿ ಒಂದು ಗುಂಪಿನ ವಾದ ಹೀಗಿದೆ: ಸರ್ಕಾರ ಅನ್ನೋದು ದೇವರ ಜಾಗದಲ್ಲಿ ಕೂತ ವಿಗ್ರಹ. ಅದರ ಕೈ ಆದಷ್ಟೂ ಗಿಡ್ಡ ಇರಬೇಕು. ತೆರಿಗೆ ಕಮ್ಮಿ ಇರಬೇಕು. ಬಡವರನ್ನ ನೋಡಿಕೊಳ್ಳೋದು ಮನೆಯ ಕೆಲಸ, ಚರ್ಚಿನ ಕೆಲಸ. ಸರ್ಕಾರದ ಕೆಲಸ ಅಲ್ಲ. ಈ ವಾದವನ್ನ ಇವತ್ತು ಬಿಚ್ಚಿ ನೋಡೋಣ. ಬೈದು ಕೈತೊಳೆದುಕೊಳ್ಳೋದು ಸುಲಭ. ತಿಳಿದುಕೊಂಡು ಎದುರಿಸೋದು ಕಷ್ಟ. ನಮಗೆ ಬೇಕಾದ್ದು ಆ ಕಷ್ಟದ ದಾರಿ.

ಇವರು ಮೊದಲು ತೆರೆಯೋ ಪುಟ ಬೈಬಲಿನ ಹಳೆಯ ಒಡಂಬಡಿಕೆಯಲ್ಲಿ ಸಮುವೇಲನ ಮೊದಲ ಪುಸ್ತಕ, 8ನೆಯ ಅಧ್ಯಾಯ. ಜನ ಬಂದು ನಮಗೊಬ್ಬ ರಾಜ ಬೇಕು ಅಂತಾರೆ. ಮುದುಕ ಪ್ರವಾದಿ ಎಚ್ಚರಿಸ್ತಾನೆ: ಆ ರಾಜ ನಿಮ್ಮ ಗಂಡುಮಕ್ಕಳನ್ನ ದಂಡಿಗೆ ಎಳೀತಾನೆ, ಹೆಣ್ಣುಮಕ್ಕಳನ್ನ ಅಡಿಗೆಮನೆಗೆ ಎಳೀತಾನೆ, ಹೊಲ ಕಿತ್ಕೋತಾನೆ, ಬೆಳೆಯಲ್ಲಿ ಹತ್ತರಲ್ಲೊಂದು ಪಾಲು ತಗೋತಾನೆ. ಈ ಮಾತು ಸುಳ್ಳಲ್ಲ. ದೊರೆಗಳಿಗೆ ಬಿಟ್ಟಿ ದುಡಿದ ಜನರ ಮಕ್ಕಳಾದ ನಮಗೆ ಇದನ್ನ ಯಾರೂ ಕಲಿಸಬೇಕಾಗಿಲ್ಲ.

ಇವರೆಲ್ಲ ಒಂದೇ ಅಂತ ತಿಳಿಯಬೇಡಿ. ಲಿಬರ್ಟೇರಿಯನ್ ಕ್ರೈಸ್ತ ಹೇಳ್ತಾನೆ: ಬಲವಂತದಿಂದ ಮಾಡಿಸಿದ ಒಳ್ಳೆಯತನ ಒಳ್ಳೆಯತನವೇ ಅಲ್ಲ, ಸರ್ಕಾರ ಮಾರುಕಟ್ಟೆಗೂ ಬರಬಾರದು, ಮನೆಯೊಳಕ್ಕೂ ಬರಬಾರದು. ಸಂಪ್ರದಾಯವಾದಿ ಕ್ರೈಸ್ತ ಮಾರುಕಟ್ಟೆಯಿಂದ ಸರ್ಕಾರವನ್ನ ಹೊರಗಿಟ್ಟು ನೀತಿಯ ವಿಷಯಕ್ಕೆ ಮತ್ತೆ ಕರೀತಾನೆ. ಗರ್ಭಪಾತ ನಿಲ್ಲಿಸು, ಶಾಲೆಯಲ್ಲಿ ಪ್ರಾರ್ಥನೆ ಹೇಳಿಸು ಅಂತಾನೆ. 1979ರಲ್ಲಿ 'ಮಾರಲ್ ಮೆಜಾರಿಟಿ' ಕಟ್ಟಿದ ಪಾದ್ರಿ ಜೆರ್ರಿ ಫಾಲ್ವೆಲ್ ಈ ಎರಡನೆಯ ಬಗೆ.

ಇನ್ನೊಬ್ಬ ಆರ್. ಜೆ. ರಶ್ಡೂನಿ. ಅವನ ತಾಯಿತಂದೆ ತುರ್ಕಿಯಲ್ಲಿ ಆರ್ಮೇನಿಯನ್ನರ ನರಮೇಧದಿಂದ ತಪ್ಪಿಸಿಕೊಂಡು ಬಂದವರು. ಅವನಿಗೆ ಸರ್ಕಾರದ ಮೇಲೆ ಅನುಮಾನ ಇದ್ದರೆ ಅದು ನಮಗೆ ಅರ್ಥವಾಗುತ್ತೆ. ಆದರೆ 1973ರಲ್ಲಿ ಬಂದ ಅವನ ದೊಡ್ಡ ಗ್ರಂಥದಲ್ಲಿ ಶಾಲೆ, ದಾನಧರ್ಮ ಎಲ್ಲವೂ ಸರ್ಕಾರದ ಕೈ ಬಿಟ್ಟು ಮನೆಗೂ ಚರ್ಚಿಗೂ ಹೋಗುತ್ತವೆ, ಮೋಶೆಯ ಕಾಲದ ಮರಣದಂಡನೆಗಳು ಮಾತ್ರ ವಾಪಸ್ ಬರುತ್ತವೆ. ಅನ್ನ ಕೊಡೋ ಕೈ ಗಿಡ್ಡ, ಕತ್ತಿ ಹಿಡಿಯೋ ಕೈ ಉದ್ದ!

ಪುಸ್ತಕ ಸಾಕು, ಬೀದಿಗೆ ಬರೋಣ.

ಬಿಳಿಯರ ಮಕ್ಕಳು, ಕರಿಯರ ಮಕ್ಕಳು ಬೇರೆ ಬೇರೆ ಶಾಲೆಗೆ ಹೋಗಬೇಕು ಅನ್ನೋ ಕಾನೂನು ಸಲ್ಲದು ಅಂತ 1954ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಹೇಳಿತು. ವರ್ಜೀನಿಯಾ ರಾಜ್ಯದ ಪ್ರಿನ್ಸ್ ಎಡ್ವರ್ಡ್ ಕೌಂಟಿ ಏನು ಮಾಡಿತು ಗೊತ್ತಾ? 1959ರಲ್ಲಿ ಸರ್ಕಾರಿ ಶಾಲೆಗಳಿಗೆಲ್ಲ ಬೀಗ ಜಡಿಯಿತು. ಬಿಳಿಯರು ಖಾಸಗಿ ಶಾಲೆ ಕಟ್ಟಿಕೊಂಡರು. ಮೊದಲು ಚಂದಾ ಎತ್ತಿದರು, ಆಮೇಲೆ ಅದಕ್ಕೆ ಸರ್ಕಾರದ ಹಣವನ್ನೇ ತಗೊಂಡರು. ಕರಿಯರ ಮಕ್ಕಳು 1964ರವರೆಗೆ, ಐದು ವರ್ಷ, ಸರ್ಕಾರಿ ಶಾಲೆ ಕಾಣಲಿಲ್ಲ. ಐದು ವರ್ಷ ಅಂದ್ರೆ ಒಂದನೇ ಕ್ಲಾಸಿನ ಮಗು ಆರನೇ ಕ್ಲಾಸಿಗೆ ಬರೋವಷ್ಟು ಕಾಲ. ಸರ್ಕಾರ ಹಿಂದಕ್ಕೆ ಸರಿದಾಗ ಯಾರಿಗೆ ಸ್ವಾತಂತ್ರ್ಯ ಸಿಕ್ಕಿತು? ಲೆಕ್ಕ ಹಾಕಿ.

1964ರ ನಾಗರಿಕ ಹಕ್ಕುಗಳ ಕಾಯಿದೆ ಹೋಟೆಲು, ಸಿನಿಮಾ ಮಂದಿರಗಳ ಬಾಗಿಲು ತೆರೆಸಿತು. ಸಂಪ್ರದಾಯವಾದಿಗಳ ನಾಯಕ ಬ್ಯಾರಿ ಗೋಲ್ಡ್‌ವಾಟರ್ ಆ ಕಾಯಿದೆಯ ವಿರುದ್ಧ ಓಟು ಹಾಕಿದ. ಖಾಸಗಿ ಅಂಗಡಿಗೆ ದಿಲ್ಲಿ ಕಾನೂನು ಯಾಕೆ ಅನ್ನೋ ಥರ, ಅವನದು ವಾಷಿಂಗ್ಟನ್ ಕಾನೂನು ಯಾಕೆ ಅನ್ನೋ ತಕರಾರು. ಬರ್ಮಿಂಗ್‌ಹ್ಯಾಮಿನಲ್ಲಿ ಓಲೀಸ್ ಬಾರ್ಬೆಕ್ಯೂ ಅನ್ನೋ ಹೋಟೆಲಿತ್ತು. ಬಿಳಿಯರು ಒಳಗೆ ಕೂತು ಉಣ್ಣಬಹುದು. ಕರಿಯರು ಕಟ್ಟಿಸಿಕೊಂಡು ಹೋಗಬೇಕು. ಅದೂ ಕೋರ್ಟಿಗೆ ಹೋಗಿ ಸೋತಿತು. ಸೌತ್ ಕೆರೊಲಿನಾದ ಪಿಗ್ಗಿ ಪಾರ್ಕ್ ಹೋಟೆಲುಗಳ ಮಾಲೀಕ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಈ ಕಾಯಿದೆ ನನ್ನ ಧರ್ಮದ ಸ್ವಾತಂತ್ರ್ಯಕ್ಕೇ ಅಡ್ಡಿ ಅಂದ. 1968ರಲ್ಲಿ ಸುಪ್ರೀಂ ಕೋರ್ಟು ಇದರಲ್ಲಿ ಹುರುಳೇ ಇಲ್ಲ ಅಂತ ತಳ್ಳಿಹಾಕಿತು.

ಬಾಬ್ ಜೋನ್ಸ್ ವಿಶ್ವವಿದ್ಯಾಲಯದ ಕಥೆಯೂ ಇದೇ. 1971ರವರೆಗೆ ಕರಿಯರಿಗೆ ಅಲ್ಲಿ ಪ್ರವೇಶವೇ ಇರಲಿಲ್ಲ. ಆಮೇಲೆ ಸೇರಿಸಿಕೊಂಡರೂ ಕರಿಯ ಬಿಳಿಯ ಹುಡುಗ ಹುಡುಗಿಯರು ಪ್ರೀತಿಸಿದರೆ ಹೊರಗೆ. ಸರ್ಕಾರ ತೆರಿಗೆ ವಿನಾಯಿತಿ ಕಿತ್ತುಕೊಂಡಾಗ ಧರ್ಮಕ್ಕೆ ಏಟು ಅಂತ ಕೂಗೆದ್ದಿತು. 1983ರಲ್ಲಿ ಕೋರ್ಟು ಸರ್ಕಾರದ ಪರ ತೀರ್ಪು ಕೊಟ್ಟಿತು. ಆ ನಿಯಮ ಹೋಗಿದ್ದು 2000ದಲ್ಲಿ.

ಈಗ ಅವರ ಗಟ್ಟಿಯಾದ ಉತ್ತರ ಕೇಳಿ. ಕರಿಯರನ್ನ ಬೇರೆ ಇಟ್ಟ ಕಾನೂನು ಮಾಡಿದ್ದು ಯಾರು, ಸರ್ಕಾರ ಅಲ್ಲವಾ ಅಂತಾರೆ. ಓಡಿಹೋದ ಗುಲಾಮರನ್ನ ಹಿಡಿದುಕೊಡಿ ಅಂತ 1850ರಲ್ಲಿ ಕಾನೂನು ಮಾಡಿದ್ದೂ ಸರ್ಕಾರ. ಅದನ್ನ ಮುರಿದು ಅವರನ್ನ ಬಚ್ಚಿಟ್ಟವರಲ್ಲಿ ಎಷ್ಟೋ ಜನ ದೈವಭಕ್ತರು. ನಿಜ. ಒಪ್ಪಬೇಕು. 1975ರ ತುರ್ತುಪರಿಸ್ಥಿತಿ ಕಂಡ ದೇಶದವರು ನಾವು, ಸರ್ಕಾರವನ್ನ ಕಣ್ಣುಮುಚ್ಚಿ ನಂಬೋಕೆ ಆಗಲ್ಲ.

ಆದರೆ ಅರ್ಧ ನಿಜದ ಮೇಲೆ ಮನೆ ಕಟ್ಟೋಕೆ ಆಗಲ್ಲ. ಸರ್ಕಾರವೊಂದೇ ಅಧಿಕಾರ ಅಲ್ಲ. ಭೂಮಿ ಅಧಿಕಾರ. ಹೋಟೆಲಿನ ಗಲ್ಲಾಪೆಟ್ಟಿಗೆ ಅಧಿಕಾರ. ಬಾವಿಯ ಹಗ್ಗ ಅಧಿಕಾರ. ಇದನ್ನ ಬಾಬಾಸಾಹೇಬರು 1947ರ ತಮ್ಮ 'ಸ್ಟೇಟ್ಸ್ ಅಂಡ್ ಮೈನಾರಿಟೀಸ್'ನಲ್ಲಿ ಸ್ಪಷ್ಟವಾಗಿ ಹೇಳಿದ್ದಾರೆ: ಸರ್ಕಾರದ ಹಿಡಿತದಿಂದ ಬಿಡುಗಡೆ ಅನ್ನೋದು ಕೆಲಸ ಕೊಡೋ ಖಾಸಗಿ ಧಣಿಯ ಸರ್ವಾಧಿಕಾರಕ್ಕೆ ಇಟ್ಟ ಇನ್ನೊಂದು ಹೆಸರು ಅನ್ನೋ ಅರ್ಥದಲ್ಲಿ. ಅದಕ್ಕೇ ನಮ್ಮ ಸಂವಿಧಾನದ 15ನೆಯ ವಿಧಿ ಸರ್ಕಾರಕ್ಕೆ ಮಾತ್ರ ಲಗಾಮು ಹಾಕಿ ಸುಮ್ಮನಾಗಲಿಲ್ಲ. ಅಂಗಡಿ, ಹೋಟೆಲು, ಬಾವಿ, ಕೆರೆ ಅಂತ ಹೆಸರಿಟ್ಟು ಹೇಳಿತು. ಅಮೆರಿಕ ಅಂಥ ಕಾಯಿದೆ ತರೋ ಹದಿನಾಲ್ಕು ವರ್ಷ ಮೊದಲೇ, 1950ರಲ್ಲೇ, ಅದು ಜಾರಿಗೆ ಬಂತು.

ಬೈಬಲನ್ನ ಈ ಒಂದು ಗುಂಪಿಗೇ ಬರೆದುಕೊಡಬೇಕಾಗಿಲ್ಲ. ಮಾರ್ಟಿನ್ ಲೂಥರ್ ಕಿಂಗ್ ಕೂಡ ಬ್ಯಾಪ್ಟಿಸ್ಟ್ ಪಾದ್ರಿಯೇ. ಹೊಲದ ಅಂಚಿನ ತೆನೆ ಬಡವರಿಗೆ ಬಿಡಿ, ಐವತ್ತನೆಯ ವರ್ಷಕ್ಕೆ ಭೂಮಿ ಕಳಕೊಂಡವರಿಗೆ ಭೂಮಿ ಹಿಂದಕ್ಕೆ ಕೊಡಿ ಅಂತ ಹೇಳೋದು ಅದೇ ಪುಸ್ತಕದ ಯಾಜಕಕಾಂಡ. ಗುಲಾಮರು ಅದರಲ್ಲಿ ಫರೋಹನಿಂದ ಬಿಡುಗಡೆಯಾದ ಜನರ ಕಥೆ ಓದಿದರು. ಧಣಿಗಳು ಅದರಲ್ಲೇ ದಾಸರು ವಿಧೇಯರಾಗಿರಲಿ ಅನ್ನೋದನ್ನ ಓದಿದರು. ಪುಸ್ತಕ ಒಂದೇ, ಓದೋ ಹಟ್ಟಿ ಬೇರೆ.

ನಾಳೆ ಕಾಲೇಜಿನಲ್ಲಿ ಯಾರಾದರೂ ಬಂದು, ಸರ್ಕಾರ ಎಲ್ಲದರಿಂದ ಕೈ ತೆಗೀಲಿ, ಶಾಲೆ, ಆಸ್ಪತ್ರೆ, ಕೆಲಸ ಎಲ್ಲ ಖಾಸಗಿಯಾಗಲಿ, ಸ್ವಾತಂತ್ರ್ಯ ಬರುತ್ತೆ ಅಂದರೆ ಜಗಳ ಆಡಬೇಡಿ. ಎರಡೇ ಪ್ರಶ್ನೆ ಕೇಳಿ. ಸರ್ಕಾರ ಬಿಟ್ಟ ಜಾಗದಲ್ಲಿ ಯಾರು ಬಂದು ಕೂರ್ತಾರೆ? ಅವರನ್ನ ಇಳಿಸೋಕೆ ನಮಗೆ ಓಟು ಇದೆಯಾ?

ಸರ್ಕಾರ ನಮ್ಮ ತಾಯಿಯೂ ಅಲ್ಲ, ದೇವರೂ ಅಲ್ಲ. ಅದು ನಾವು ಬೆವರು ಸುರಿಸಿ ಕೈಗೆ ತಂದುಕೊಳ್ಳಬೇಕಾದ ಹತಾರ. ಹರಿತ ಇಲ್ಲದಿದ್ದರೆ ಮಸೆಯೋಣ. ನಮ್ಮ ಕಡೆಗೇ ತಿರುಗಿದರೆ ಹಿಡಿ ಕಿತ್ತುಕೊಳ್ಳೋಣ. ಹೊಳೆಗೆ ಮಾತ್ರ ಎಸೆಯೋದು ಬೇಡ.

ಜೈಭೀಮ್.