ಫಲಕದ ತಪ್ಪು ಮತ್ತು ಪ್ರಮಾಣದ ಹೊಣೆ



ವಸ್ತುಸಂಗ್ರಹಾಲಯದ ವಿವರಣಾಫಲಕವನ್ನು ಸಾಮಾನ್ಯವಾಗಿ ಯಾರೂ ಸಂಶಯಿಸುವುದಿಲ್ಲ. ಮೂರ್ತಿಯ ಪಕ್ಕದ ಎರಡು ಸಾಲುಗಳನ್ನು ಓದಿ, ನಂಬಿ, ಮುಂದೆ ನಡೆಯುತ್ತಾರೆ. ಮುಂಬಯಿ, ಪುಣೆ, ಹೈದರಾಬಾದುಗಳಲ್ಲಿ ಬೆಳೆಯುವ ಜೈನ ಮಕ್ಕಳಲ್ಲಿ ಎಷ್ಟೋ ಮಂದಿ ಬೆಳಗೊಳವನ್ನು ಕಾಣುವ ಮೊದಲೇ ಶಾಲಾ ಪ್ರವಾಸದಲ್ಲಿ ಇಂಥ ಫಲಕಗಳನ್ನು ಓದಿರುತ್ತಾರೆ. ಅಲ್ಲಿ ‘ಜೈನಧರ್ಮದ ಸ್ಥಾಪಕ ಮಹಾವೀರ’ ಎಂದಿದ್ದರೆ, ‘ಬಾಹುಬಲಿ ತೀರ್ಥಂಕರ’ ಎಂದಿದ್ದರೆ, ಮಗು ಅದನ್ನೇ ಬರೆದುಕೊಂಡು ಬರುತ್ತದೆ. ಅದನ್ನು ತಿದ್ದಿಸುವ ಹೊಣೆ ಯಾರದು, ತಿದ್ದಿಸುವ ಕ್ರಮ ಯಾವುದು ಎಂಬುದೇ ಇಂದಿನ ವಿಷಯ.

ಈ ಬಗೆಯ ತಪ್ಪಿಗೆ ದೀರ್ಘ ಇತಿಹಾಸವಿದೆ. 19ನೆಯ ಶತಮಾನದ ಪಾಶ್ಚಾತ್ಯ ವಿದ್ವಾಂಸರಲ್ಲಿ ಹಲವರು ಜೈನಧರ್ಮವನ್ನು ಬೌದ್ಧಧರ್ಮದ ಒಂದು ಕವಲೆಂದೇ ಭಾವಿಸಿದ್ದರು. ಸ್ತೂಪ ಕಂಡರೆ ಅದು ಬೌದ್ಧರದೆಂಬ ಊಹೆಯೂ ಬಲವಾಗಿತ್ತು. ಮಥುರೆಯ ಕಂಕಾಲಿ ಟೀಲಾದ ಉತ್ಖನನದಲ್ಲಿ ಜೈನ ಸ್ತೂಪದ ಅವಶೇಷಗಳು ಹೊರಬಂದು, 1901ರಲ್ಲಿ ವಿನ್ಸೆಂಟ್ ಸ್ಮಿತ್ ಅವುಗಳ ವಿವರವನ್ನು ಪ್ರಕಟಿಸಿದ ಮೇಲೆ ಆ ಊಹೆ ನಿಲ್ಲಲಿಲ್ಲ.

ಕವಲೆಂಬ ವಾದವನ್ನು ಅಲುಗಿಸಿದವರು ಜರ್ಮನಿಯ ಹರ್ಮನ್ ಯಾಕೋಬಿ. 1879ರಲ್ಲಿ ಕಲ್ಪಸೂತ್ರವನ್ನು ಸಂಪಾದಿಸಿದಾಗ ಬರೆದ ಪೀಠಿಕೆಯಲ್ಲಿಯೂ ಮುಂದಿನ ಅನುವಾದಗಳ ಪೀಠಿಕೆಗಳಲ್ಲಿಯೂ ಅವರು ಜೈನ ಗ್ರಂಥಗಳನ್ನಷ್ಟೇ ಆಧರಿಸಲಿಲ್ಲ. ಬೌದ್ಧರ ಪಾಳಿ ಗ್ರಂಥಗಳನ್ನೇ ಸಾಕ್ಷಿಗೆ ಕರೆದರು. ಅಲ್ಲಿ ಮಹಾವೀರರು ‘ನಿಗಂಠ ನಾತಪುತ್ತ’ ಎಂಬ ಹೆಸರಿನಲ್ಲಿ ಬುದ್ಧನ ಸಮಕಾಲೀನರಾಗಿ ಕಾಣಿಸಿಕೊಳ್ಳುತ್ತಾರೆ. ನಿಗ್ರಂಥರು ಹೊಸ ಪಂಥದವರೆಂಬ ಮಾತು ಅಲ್ಲಿಲ್ಲ. ಲೆಕ್ಕಪರಿಶೋಧನೆ ಬಲ್ಲವರಿಗೆ ಈ ಕ್ರಮ ಪರಿಚಿತ. ಕಂಪನಿಯ ಸ್ವಂತ ಪುಸ್ತಕದಲ್ಲಿ ಬಾಕಿ ಎಷ್ಟೆಂದು ಬರೆದಿದ್ದರೂ, ಎದುರು ಪಕ್ಷದಿಂದ ಬಂದ ದೃಢೀಕರಣ ಪತ್ರಕ್ಕೆ ಹೆಚ್ಚು ತೂಕ. ಯಾಕೋಬಿ ಮಾಡಿದ್ದೂ ಅದನ್ನೇ.

ಆದುದರಿಂದ ತಪ್ಪು ಕಂಡವರ ಮೊದಲ ಕರ್ತವ್ಯ ಕೋಪಿಸಿಕೊಳ್ಳುವುದಲ್ಲ, ಪರೀಕ್ಷಿಸುವುದು. ಮುಂಬಯಿಯ ಛತ್ರಪತಿ ಶಿವಾಜಿ ಮಹಾರಾಜ್ ವಸ್ತು ಸಂಗ್ರಹಾಲಯದಲ್ಲಿ ಶ್ರವಣಬೆಳಗೊಳದಿಂದ ಬಂದ ಬಾಹುಬಲಿಯ ಪುರಾತನ ಕಂಚಿನ ಮೂರ್ತಿಯಿದೆ. ಕೈಕಾಲುಗಳನ್ನು ಸುತ್ತಿದ ಬಳ್ಳಿ, ಕಾಯೋತ್ಸರ್ಗದ ನಿಲುವು ಅವನ ಗುರುತು. ಅವನು ಪ್ರಥಮ ತೀರ್ಥಂಕರರ ಮಗ, ಮೋಕ್ಷ ಪಡೆದವನು. ಆದರೆ ಇಪ್ಪತ್ತನಾಲ್ವರಲ್ಲಿ ಒಬ್ಬನಲ್ಲ. ಹಾಗೆಯೇ ಏಳು ಹೆಡೆಯ ಸರ್ಪವಿದ್ದರೆ ಸಾಮಾನ್ಯವಾಗಿ ಪಾರ್ಶ್ವನಾಥ, ಐದಿದ್ದರೆ ಸುಪಾರ್ಶ್ವನಾಥ. ಆದರೆ ಹೆಡೆ ಕಂಡೊಡನೆ ಜಿನಬಿಂಬವೆಂದು ನಿರ್ಧರಿಸುವಂತಿಲ್ಲ. ಮುಚಲಿಂದ ನಾಗನು ಬುದ್ಧನಿಗೂ ನೆರಳಾಗಿದ್ದಾನೆ. ಉಡುಗೆಯ ಅಂಚು, ಮುಕ್ಕೊಡೆ, ಲಾಂಛನ, ಪೀಠದ ಬರಹ ಇವೆಲ್ಲವನ್ನೂ ನೋಡಿದ ಮೇಲೆಯೇ ಪತ್ರಕ್ಕೆ ಕೈಹಾಕಬೇಕು.

ಪತ್ರ ಒಂದು ಪುಟ ಮೀರದಿರಲಿ. ಫಲಕದ ಛಾಯಾಚಿತ್ರ, ವಸ್ತುವಿನ ನೋಂದಣಿ ಸಂಖ್ಯೆ, ನೋಡಿದ ದಿನಾಂಕ, ತಪ್ಪಾದ ವಾಕ್ಯ, ಅದಕ್ಕೆ ವಿರುದ್ಧವಾದ ಆಧಾರ, ಸೂಚಿಸುವ ಹೊಸ ವಾಕ್ಯ ಇಷ್ಟಿದ್ದರೆ ಸಾಕು. ಕ್ಯುರೇಟರ್ ಅವರಿಗೆ ತಲಪಿಸಿ ಸ್ವೀಕೃತಿ ಪಡೆಯಬೇಕು. ‘ಸಮಾಜದ ಭಾವನೆಗೆ ಧಕ್ಕೆಯಾಗಿದೆ’ ಎಂಬ ಸಾಲು ಬೇಡ. ಭಾವನೆಯನ್ನು ಮುಂದಿಟ್ಟರೆ ಅಧಿಕಾರಿ ಸಮಾಧಾನ ಹೇಳಿ ಕಳುಹಿಸಬಹುದು. ಪ್ರಮಾಣವನ್ನು ಮುಂದಿಟ್ಟರೆ ಒಪ್ಪಬೇಕು, ಇಲ್ಲವೇ ಕಾರಣ ಕೊಡಬೇಕು. ಸರ್ಕಾರಿ ಸಂಗ್ರಹಾಲಯವು ಮೌನವಾಗಿದ್ದರೆ 2005ರ ಮಾಹಿತಿ ಹಕ್ಕು ಅಧಿನಿಯಮದಡಿ ಆ ಪತ್ರದ ಮೇಲೆ ಕೈಗೊಂಡ ಕ್ರಮವೇನೆಂದು ಕೇಳಬಹುದು. ಉತ್ತರಕ್ಕೆ ಸಾಮಾನ್ಯ ಅವಧಿ 30 ದಿನ. ಫಲಕವನ್ನು ಬದಲಿಸುವ ಆದೇಶ ಅದರಿಂದ ದೊರೆಯದು. ಕಡತ ಎಲ್ಲಿ ನಿಂತಿದೆ ಎಂಬುದು ತಿಳಿದೀತು.

ಇನ್ನು ಕಷ್ಟದ ಮಾತು. ಸಮಾಜಕ್ಕೆ ಹಿತವಾದ ತಪ್ಪುಗಳೂ ಉಂಟು. ಬೆಳಗೊಳದ ಗೊಮ್ಮಟನನ್ನು ‘ಜಗತ್ತಿನ ಅತಿ ಎತ್ತರದ ಜಿನಮೂರ್ತಿ’ ಎಂದು ಹೊಗಳುವುದು ರೂಢಿ. ಗೊಮ್ಮಟನ ಎತ್ತರ ಸುಮಾರು 57 ಅಡಿ. ಮಧ್ಯಪ್ರದೇಶದ ಬಾವನಗಜದಲ್ಲಿ ಬೆಟ್ಟದ ಬಂಡೆಯಲ್ಲೇ ಕಡೆದ ಆದಿನಾಥರು 84 ಅಡಿ. 2016ರಲ್ಲಿ ಪ್ರತಿಷ್ಠೆಯಾದ ಮಾಂಗೀ-ತುಂಗಿಯ ಆದಿನಾಥರು 108 ಅಡಿ. ಅಳತೆಯಲ್ಲಿ ಮೊದಲನೆಯವನಲ್ಲದ ಮಾತ್ರಕ್ಕೆ ಗೊಮ್ಮಟನ ಮುಗುಳ್ನಗೆ ಕುಂದುವುದಿಲ್ಲ. ಹರಪ್ಪದ ನಗ್ನ ಮುಂಡವನ್ನು ತೀರ್ಥಂಕರನ ಬಿಂಬವೆಂದು ಸಂಶಯಾತೀತವಾಗಿ ಬರೆಯುವುದೂ ಇಂಥದೇ. ಅದು ಕೆಲವರ ಅಭಿಪ್ರಾಯ, ಸಿದ್ಧವಾದ ಸತ್ಯವಲ್ಲ.

ಲಾಭವನ್ನು ಕಡಿಮೆ ತೋರಿಸಿದ ಲೆಕ್ಕವಷ್ಟೇ ತಪ್ಪಲ್ಲ, ಹೆಚ್ಚು ತೋರಿಸಿದ ಲೆಕ್ಕವೂ ತಪ್ಪು. ತನಗೆ ಅನುಕೂಲವಾದ ತಪ್ಪನ್ನು ಬಿಟ್ಟು ಪ್ರತಿಕೂಲವಾದದ್ದನ್ನು ಮಾತ್ರ ಎತ್ತಿ ತೋರಿಸುವವರ ಪತ್ರವನ್ನು ಕ್ಯುರೇಟರ್ ಪಕ್ಷಪಾತಿಯ ಅರ್ಜಿಯೆಂದೇ ಓದುತ್ತಾರೆ. ಸತ್ಯವು ಅಣುವ್ರತವಾಗಿರುವ ಸಮಾಜಕ್ಕೆ ಇದನ್ನು ಹೊರಗಿನವರು ಹೇಳಬೇಕಾಗಿಲ್ಲ.

ಆದ್ದರಿಂದ ಈ ಸಭೆಯ ಮುಂದೆ ಒಂದು ಸೂಚನೆ. ಮುಂದಿನ ದಶಲಕ್ಷಣ ಪರ್ವದ ‘ಉತ್ತಮ ಸತ್ಯ’ದ ದಿನ, ಪ್ರತಿಯೊಂದು ಮಂದಿರದಲ್ಲಿಯೂ ತನ್ನದೇ ಗೋಡೆಯ ಫಲಕಗಳನ್ನೂ ಪರಿಚಯ ಪುಸ್ತಿಕೆಯನ್ನೂ ಯುವಕ-ಯುವತಿಯರು ಸಾಲುಸಾಲಾಗಿ ಪರಿಶೀಲಿಸಲಿ. ಆಧಾರವಿಲ್ಲದ್ದನ್ನು ಆಡಳಿತ ಮಂಡಳಿ ತಿದ್ದಲಿ. ಅದಾದ ಮೇಲೆ ಊರಿನ ಸಂಗ್ರಹಾಲಯಕ್ಕೆ ಅದೇ ತಂಡ ಹೋಗಲಿ.